ಬಾಬಿ ಯಾರ್: ಹೆಸರಿಲ್ಲದ ಸಾವೂ ಸಾಹಿತ್ಯದ ಸಾಕ್ಷ್ಯವೂ

೧

ಕೀವ್ ನಗರದ ವಾಯವ್ಯ ಭಾಗದಲ್ಲಿ ಬಾಬಿ ಯಾರ್ ಎಂಬೊಂದು ಕಮರಿಯುಂಟು. ಉಂಟು ಎನ್ನುವುದಕ್ಕಿಂತ ಇತ್ತು ಎನ್ನುವುದೇ ಸರಿ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅದರ ಬಹುಭಾಗವನ್ನು ಮಣ್ಣಿನಿಂದ ತುಂಬಿ, ಮೇಲೆ ರಸ್ತೆಯನ್ನೂ ಉದ್ಯಾನವನ್ನೂ ಮನೆಗಳನ್ನೂ ನಿರ್ಮಿಸಲಾಯಿತು. 'ಯಾರ್' ಎಂಬ ಸ್ಲಾವಿಕ್ ಶಬ್ದಕ್ಕೆ ಕಡಿದಾದ ಕಮರಿಯೆಂದು ಅರ್ಥ. 'ಬಾಬಿ' ಎಂಬುದು ಮುದುಕಿಯನ್ನು ಸೂಚಿಸುವ ಮಾತು. ಅಜ್ಜಿಯ ಕಮರಿ ಎಂದು ಕನ್ನಡಿಸಬಹುದು. ಕನ್ನಡದ ಕಿವಿಗೆ ಈ ಹೆಸರಿನ ಉತ್ತರಾರ್ಧವು ಒಂದು ಪ್ರಶ್ನೆಯಂತೆ ಕೇಳಿಸುವುದು ಕೇವಲ ಆಕಸ್ಮಿಕ. ಆದರೂ ಆ ಸ್ಥಳವನ್ನು ಕುರಿತು ಹುಟ್ಟಿದ ಸಾಹಿತ್ಯವನ್ನು ಓದಿದ ಮೇಲೆ ಆ ಆಕಸ್ಮಿಕವನ್ನು ಮರೆಯುವುದು ಸುಲಭವಲ್ಲ. ಅಲ್ಲಿ ಸತ್ತವರು ಯಾರು? ಇಷ್ಟು ಸರಳವಾದ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಲು ಒಂದು ಮಹಾರಾಜ್ಯವು ಸುಮಾರು ಅರ್ಧ ಶತಮಾನ ಹಿಂದೆಗೆಯಿತು. ಹೇಳಹೊರಟವರು ಕೆಲವು ಲೇಖಕರು, ಮತ್ತು ಒಬ್ಬ ಸಂಗೀತ ರಚನಕಾರ. ಅವರ ಕೃತಿಗಳನ್ನು ಒಟ್ಟಾಗಿ ಇಟ್ಟು ನೋಡುವುದು, ಅವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಆ ಪ್ರಶ್ನೆಗೆ ಋಜುವಾಗಿ ನಿಂತಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಂಗತಿಗಳನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಅವಶ್ಯ. ೧೯೪೧ರ ಸೆಪ್ಟೆಂಬರ್ ೧೯ರಂದು ಜರ್ಮನ್ ಸೈನ್ಯ ಕೀವನ್ನು ಹಿಡಿಯಿತು. ಐದು ದಿನಗಳ ತರುವಾಯ ನಗರದ ಮುಖ್ಯ ಬೀದಿಯಾದ ಖ್ರೆಶ್ಚಾತಿಕ್‌ನಲ್ಲಿ ಒಂದರ ಮೇಲೊಂದು ಸ್ಫೋಟಗಳಾದುವು. ಹಿಂದೆಗೆಯುವ ಮುನ್ನ ಸೋವಿಯತ್ ಕಡೆಯವರು ಹುದುಗಿಸಿಟ್ಟಿದ್ದ ಸಿಡಿಮದ್ದು ಅದು. ಜರ್ಮನರಿಗೆ ಅದೊಂದು ನೆಪವಾಯಿತು. ಸೆಪ್ಟೆಂಬರ್ ೨೮ರಂದು ಗೋಡೆಗೋಡೆಗೂ ಮೂರು ಭಾಷೆಗಳ ಪ್ರಕಟಣೆ ಬಿತ್ತು. ಮರುದಿನ ಸೋಮವಾರ ಬೆಳಗ್ಗೆ ಎಂಟು ಗಂಟೆಯೊಳಗೆ ನಗರದ ಯೆಹೂದ್ಯರೆಲ್ಲರೂ ದಾಖಲೆಪತ್ರ, ಹಣ, ಬೆಲೆಬಾಳುವ ವಸ್ತು, ಬೆಚ್ಚನೆಯ ಬಟ್ಟೆಗಳೊಡನೆ ನಿಗದಿಯಾದ ಮೂಲೆಯಲ್ಲಿ ಸೇರತಕ್ಕದ್ದು, ತಪ್ಪಿದವರಿಗೆ ಗುಂಡು. ಬೆಚ್ಚನೆಯ ಬಟ್ಟೆ ಎಂಬ ಮಾತೇ ಮೋಸದ ತಿರುಳು. ರೈಲಿನ ಸರಕು ನಿಲ್ದಾಣ ಹತ್ತಿರದಲ್ಲಿದ್ದುದರಿಂದ ಬೇರೆ ಊರಿಗೆ ಕಳಿಸುತ್ತಾರೆಂದೇ ಅನೇಕರು ನಂಬಿದರು. ಗಂಡಸರಲ್ಲಿ ಬಹುಮಂದಿ ಸೈನ್ಯದಲ್ಲಿದ್ದರು. ಬಂದವರು ಹೆಚ್ಚಾಗಿ ಮುದುಕರು, ಹೆಂಗಸರು, ಮಕ್ಕಳು, ರೋಗಿಗಳು. ೨೯, ೩೦ ಈ ಎರಡು ದಿನಗಳಲ್ಲಿ ಅವರನ್ನು ಬೆತ್ತಲೆ ಮಾಡಿ ಕಮರಿಯ ಅಂಚಿನಲ್ಲಿ ಕೊಲ್ಲಲಾಯಿತು. ಕೊಂದ ತುಕಡಿಯವರು ಬರ್ಲಿನ್ನಿಗೆ ಕಳಿಸಿದ ವರದಿಯಲ್ಲಿ ಸಂಖ್ಯೆಯನ್ನು ೩೩,೭೭೧ ಎಂದು ನಮೂದಿಸಿದ್ದಾರೆ. ಕೊನೆಯ ಬಿಡಿಯಂಕಿಯವರೆಗೆ ಲೆಕ್ಕ ಹೊಂದಿಸಿದ ಆ ವರದಿಯಲ್ಲಿ ಒಂದು ಹೆಸರೂ ಇಲ್ಲ.

ಕೊಲೆ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಸೋವಿಯತ್ ಯುದ್ಧಕೈದಿಗಳು, ರೋಮಾ ಜನ, ಮಾನಸಿಕ ಆಸ್ಪತ್ರೆಯ ರೋಗಿಗಳು, ಭೂಗತ ಕಾರ್ಯಕರ್ತರು, ಉಕ್ರೇನಿಯನ್ ರಾಷ್ಟ್ರವಾದಿಗಳು, ಬೀದಿಯಲ್ಲಿ ಸಿಕ್ಕ ಒತ್ತೆಯಾಳುಗಳು ಇದೇ ಕಮರಿಯಲ್ಲಿಯೂ ಅದರ ಸುತ್ತಮುತ್ತಲೂ ಸತ್ತರು. ಒಟ್ಟು ಸಂಖ್ಯೆ ಒಂದು ಲಕ್ಷದ ಆಸುಪಾಸಿನದೆಂದು ಸಾಮಾನ್ಯವಾದ ಅಂದಾಜು. ೧೯೪೩ರ ಆಗಸ್ಟ್‌ನಲ್ಲಿ ಸೋಲು ಹತ್ತಿರವಾದಾಗ ಸಂಕೋಲೆ ಹಾಕಿದ ಕೈದಿಗಳಿಂದ ಹೆಣಗಳನ್ನು ಅಗೆಸಿ ಸುಡಿಸಿ, ಸಾಕ್ಷ್ಯವನ್ನೇ ಅಳಿಸುವ ಕೆಲಸ ಪ್ರಾರಂಭವಾಯಿತು. ಕೊಲೆ ನಡೆದು ಸರಿಯಾಗಿ ಎರಡು ವರ್ಷಕ್ಕೆ, ಸೆಪ್ಟೆಂಬರ್ ೨೯ರ ಇರುಳು, ಆ ಕೈದಿಗಳು ಬೀಗ ಮುರಿದು ಓಡಿದರು. ಬದುಕಿದವರು ಹದಿನೈದು ಮಂದಿಯಷ್ಟೇ. ಅಳಿಸಹೊರಟ ಕೈಗಳೇ ಸಾಕ್ಷಿಗಳಾದುವು.

ಎರಡನೆಯ ಅಳಿಸುವಿಕೆ ಇದಕ್ಕಿಂತ ನಯವಾದುದು, ಆದ್ದರಿಂದ ಹೆಚ್ಚು ದೀರ್ಘವಾದುದು. ನಾಜಿ ಅಪರಾಧಗಳ ವಿಚಾರಣೆಗೆ ನೇಮಕವಾದ ಸೋವಿಯತ್ ಆಯೋಗವು ಕೀವ್ ಕುರಿತ ವರದಿಯ ಕರಡಿನಲ್ಲಿ ಯೆಹೂದ್ಯರನ್ನು ಕೊಂದರೆಂದೇ ಬರೆದಿತ್ತು. ೧೯೪೪ರಲ್ಲಿ ಅಚ್ಚಾದ ಪಾಠದಲ್ಲಿ ಆ ಶಬ್ದ ಹೋಗಿ, ಸಾವಿರಾರು ಮಂದಿ ಶಾಂತ ಸೋವಿಯತ್ ನಾಗರಿಕರು ಎಂಬ ಮಾತು ಬಂದು ಕುಳಿತಿತು. ಎರೆನ್‌ಬುರ್ಗ್ ಮತ್ತು ಗ್ರಾಸ್ಮನ್ ಎಂಬ ಇಬ್ಬರು ಪ್ರಸಿದ್ಧ ಲೇಖಕರು ಯೆಹೂದ್ಯರ ಹತ್ಯೆಯ ಸಾಕ್ಷ್ಯಗಳನ್ನು ಸಂಗ್ರಹಿಸಿ ಸಿದ್ಧಪಡಿಸಿದ 'ಕಪ್ಪು ಪುಸ್ತಕ'ದ ಅಚ್ಚಿನ ಮೊಳೆಗಳನ್ನು ೧೯೪೮ರಲ್ಲಿ ಒಡೆದುಹಾಕಲಾಯಿತು. ಆ ಸಂಗ್ರಹಕ್ಕೆ ಬೆಂಬಲವಾಗಿದ್ದ ಯೆಹೂದ್ಯ ಫ್ಯಾಸಿಸ್ಟ್‌ವಿರೋಧೀ ಸಮಿತಿಯ ಮೊಕದ್ದಮೆಯಲ್ಲಿ ೧೯೫೨ರ ಆಗಸ್ಟ್ ೧೨ರಂದು ಹದಿಮೂರು ಮಂದಿಗೆ ಮರಣದಂಡನೆಯಾಯಿತು. ಹಿಟ್ಲರನನ್ನು ಸೋಲಿಸಿದ ರಾಜ್ಯದಲ್ಲಿಯೇ ಹಿಟ್ಲರನ ಬಲಿಗಳ ಹೆಸರು ಹೇಳುವುದು ಅಪರಾಧವಾದ ಈ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲದೆ ಮುಂದಿನ ಯಾವ ಕೃತಿಯನ್ನೂ ತೂಗುವಂತಿಲ್ಲ.

೨

೧೯೫೯ರಲ್ಲಿ ಕೀವಿನ ಕಾದಂಬರಿಕಾರ ವಿಕ್ತರ್ ನೆಕ್ರಾಸೊವ್ ಮಾಸ್ಕೋದ 'ಲಿತೆರತುರ್ನಯ ಗಜೆತ' ಪತ್ರಿಕೆಯಲ್ಲಿ ಒಂದು ಪ್ರಶ್ನೆ ಎತ್ತಿದನು: ಈ ಸ್ಥಳದಲ್ಲಿ ಸ್ಮಾರಕವೇಕಿಲ್ಲ? ಆಗ ಅಲ್ಲಿ ಉದ್ಯಾನವನ್ನೂ ಕ್ರೀಡಾಂಗಣವನ್ನೂ ನಿರ್ಮಿಸುವ ಆಲೋಚನೆ ನಡೆದಿತ್ತು. ಹತ್ತಿರದ ಇಟ್ಟಿಗೆ ಕಾರ್ಖಾನೆಗಳ ಕೆಸರನ್ನು ಕಮರಿಗೆ ಪಂಪು ಮಾಡಿ, ಕಟ್ಟೆ ಹಾಕಿ, ಅದನ್ನು ಸಮತಟ್ಟು ಮಾಡುವ ಕಾರ್ಯ ಅಷ್ಟರಲ್ಲೇ ಸಾಗಿತ್ತು. ೧೯೬೧ರ ಮಾರ್ಚ್ ೧೩ರಂದು ಆ ಕಟ್ಟೆ ಒಡೆಯಿತು. ಕೆಸರಿನ ಪ್ರವಾಹ ಕೆಳಗಿನ ಕುರೆನಿವ್ಕಾ ಬಡಾವಣೆಯ ಮೇಲೆ ಬಿದ್ದಿತು. ಸರಕಾರ ಒಪ್ಪಿಕೊಂಡ ಸಾವುಗಳು ೧೪೫. ನಿಜವಾಗಿ ಸತ್ತವರು ಅದರ ಹಲವು ಪಾಲು ಎಂದು ಅನಂತರದ ಸಂಶೋಧಕರ ಮತ. ಆ ಸಾವುಗಳನ್ನೂ ಮುಚ್ಚಿಡಲಾಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಯೆವ್ಗೆನಿ ಯೆವ್ತುಶೆಂಕೊ ಆ ಕಮರಿಯನ್ನು ನೋಡಲು ಹೋದನು. ಕರೆದುಕೊಂಡು ಹೋದವನು ಕುರೆನಿವ್ಕಾದಲ್ಲಿ ಬೆಳೆದ ಅನತೊಲಿ ಕುಜ್ನೆತ್ಸೊವ್. ಕವಿ ಕಂಡದ್ದು ಕಸ ಸುರಿಯುತ್ತಿದ್ದ ಲಾರಿಗಳನ್ನು. ಕವನ ಸೆಪ್ಟೆಂಬರ್ ೧೯ರಂದು ಅದೇ 'ಲಿತೆರತುರ್ನಯ ಗಜೆತ'ದಲ್ಲಿ ಅಚ್ಚಾಯಿತು. ಕೆಲವೇ ದಿನಗಳಲ್ಲಿ ಎದುರು ಕವನವೂ ಎದುರು ಲೇಖನವೂ ಬಂದುವು. ೧೯೬೩ರ ಮಾರ್ಚ್‌ನಲ್ಲಿ ಸ್ವತಃ ಕ್ರುಶ್ಚೇವನೇ, ಯೆಹೂದ್ಯರು ಮಾತ್ರ ಬಲಿಯಾದರೆಂಬಂತೆ ಕವಿ ಚಿತ್ರಿಸಿದ್ದಾನೆಂದು ಲೇಖಕರ ಸಭೆಯಲ್ಲಿ ಆಕ್ಷೇಪಿಸಿದನು. ಒಂದು ಭಾವಗೀತೆಗೆ ಒಂದು ರಾಷ್ಟ್ರದ ಮುಖ್ಯಸ್ಥನೇ ಟೀಕಾಕಾರನಾಗುವುದು ಸಾಹಿತ್ಯಕ್ಕೆ ಸಂದ ಗೌರವವೆಂದು ಭಾವಿಸುವವರು ಉಂಟು. ಆ ಗೌರವದ ಬೆಲೆಯನ್ನು ಕೊಟ್ಟವರಿಗೆ ಹಾಗೆ ಕಂಡಿರಲಾರದು.

ಕವನದ ಐತಿಹಾಸಿಕ ಮಹತ್ತ್ವ ಪ್ರಶ್ನಾತೀತ. ರಷ್ಯನ್ನರ ನಡುವಿನ ಯೆಹೂದ್ಯದ್ವೇಷವನ್ನು ಹೆಸರಿಟ್ಟು ಕರೆದ ಧೈರ್ಯವೇ ಅದರ ಮೊದಲ ಗುಣ. ಕೊಲೆಗಾರರು ಹೊರಗಿನವರೆಂದು ಕೈತೊಳೆದುಕೊಳ್ಳುವ ಅನುಕೂಲವನ್ನು ಅದು ಓದುಗನಿಗೆ ಉಳಿಸುವುದಿಲ್ಲ. ಕಾವ್ಯಗುಣವನ್ನು ಮಾತ್ರ ಬೇರೆಯಾಗಿಯೇ ವಿಚಾರಿಸಬೇಕು. ಕವಿ ಇಲ್ಲಿ ಒಂದಾದ ಮೇಲೊಂದು ವೇಷವನ್ನು ಧರಿಸುತ್ತಾನೆ. ಈಜಿಪ್ಟಿನಲ್ಲಿ ಅಲೆದ ಪ್ರಾಚೀನ ಯೆಹೂದ್ಯನಾಗುತ್ತಾನೆ, ಶಿಲುಬೆಯ ಮೇಲಿನವನಾಗುತ್ತಾನೆ, ಫ್ರಾನ್ಸಿನ ದ್ರೇಫ್ಯೂಸ್ ಆಗುತ್ತಾನೆ, ಬೆಲೊಸ್ತೊಕ್ ನಗರದ ಗಲಭೆಯಲ್ಲಿ ಒದೆ ತಿನ್ನುವ ಹುಡುಗನಾಗುತ್ತಾನೆ, ಆನ್ ಫ್ರಾಂಕ್ ಆಗುತ್ತಾನೆ. ತಾದಾತ್ಮ್ಯವು ಕವಿಗೆ ಸಹಜಧರ್ಮ, ನಿಜ. ಆದರೆ ಈ ಸಾಲಿನಲ್ಲಿ ಬಾಬಿ ಯಾರಿನವರೇ ಕಾಣುವುದಿಲ್ಲವೆಂಬುದನ್ನು ಗಮನಿಸಬೇಕು. ಸೋಮವಾರ ಬೆಳಗ್ಗೆ ಗಂಟು ಹೊತ್ತು ಬಂದ ಒಬ್ಬ ಮುದುಕಿ, ಒಂದು ಮಗು, ಒಬ್ಬ ದರ್ಜಿ, ಹೀಗೆ ಗುರುತಿಸಬಹುದಾದ ಒಂದು ಮುಖವೂ ಇಲ್ಲ. ಕೊನೆಗೆ ಒಟ್ಟಾಗಿ ಎಲ್ಲ ಮುದುಕರೂ ಎಲ್ಲ ಮಕ್ಕಳೂ ಬರುತ್ತಾರೆ. ಕಮರಿಯು ಕವಿಗೆ ನಿಲ್ಲುವ ವೇದಿಕೆಯಾಗಿದೆ. ಅದರೊಳಕ್ಕೆ ಅವನು ಇಳಿಯಲಿಲ್ಲ. 'ನಾನು' ಎಂಬ ಶಬ್ದ ಅಷ್ಟು ಬಾರಿ ಮೊಳಗುವ ಶೋಕಗೀತೆಯಲ್ಲಿ ಸತ್ತವರಿಗೆ ದಕ್ಕುವ ಸ್ಥಳ ಕಿರಿದಾಗುವುದು ಅನಿವಾರ್ಯ.

ಹಾಗೆಂದು ಈ ಕವನವನ್ನು ಭಾಷಣವೆಂದು ತಳ್ಳಿಬಿಡುವ ವಿಮರ್ಶೆಯೂ ಅನ್ಯಾಯದ್ದೇ. ಬಾಗಿಲು ಮುಚ್ಚಿದ ಮನೆಯ ಹೊರಗೆ ನಿಂತು ಕೂಗುವವನ ದನಿಯಲ್ಲಿ ನಯವನ್ನು ಹುಡುಕಲಾಗದು. ಅವನಿಗಿಂತ ಮುಂಚೆ, ೧೯೪೦ರ ದಶಕದಲ್ಲಿಯೇ, ಉಕ್ರೇನಿಯನ್ ಕವಿ ಬಜಾನ್, ರಷ್ಯನ್ ಕವಿಗಳಾದ ಎರೆನ್‌ಬುರ್ಗ್, ಒಜೆರೊವ್ ಇದೇ ಕಮರಿಯನ್ನು ಕುರಿತು ಬರೆದಿದ್ದರು. ಅವರ ಕವಿತೆಗಳು ಇದಕ್ಕಿಂತ ಮೆದುವಾದುವು. ಒಜೆರೊವ್‌ನದಂತೂ ಸತ್ತವರ ಹತ್ತಿರಕ್ಕೆ ಹೋಗಿ ನಿಲ್ಲುವ ಕವಿತೆ. ಬಾಗಿಲು ತೆರೆದದ್ದು ಮಾತ್ರ ಕೂಗಿಗೆ.

೩

ಈ ಕೂಗಿಗೆ ಗಾಂಭೀರ್ಯವನ್ನು ತಂದವನು ದ್ಮಿತ್ರಿ ಶೊಸ್ತಕೋವಿಚ್. ೧೯೪೮ರಲ್ಲಿಯೇ ಯೆಹೂದ್ಯ ಜನಪದ ಕವಿತೆಗಳಿಗೆ ಸ್ವರ ಹಾಕಿ, ಕಾಲ ಕೆಟ್ಟದ್ದೆಂದು ಆ ಹಾಡುಗಳನ್ನು ೧೯೫೫ರವರೆಗೆ ಒಳಗೇ ಇಟ್ಟುಕೊಂಡಿದ್ದವನು ಅವನು. ಯೆವ್ತುಶೆಂಕೊನ ಕವನವನ್ನು ಓದಿ ಅದಕ್ಕೆ ಸಂಗೀತ ಬರೆದನು. ಆಮೇಲೆ ಅದೇ ಕವಿಯ ಇನ್ನೂ ನಾಲ್ಕು ಕವನಗಳನ್ನು ಸೇರಿಸಿ ಹದಿಮೂರನೆಯ ಸಿಂಫನಿಯನ್ನಾಗಿ ಬೆಳೆಸಿದನು. ಒಬ್ಬ ಮಂದ್ರಕಂಠದ ಗಾಯಕ, ಮಂದ್ರಕಂಠದವರದೇ ಒಂದು ಗಾಯಕವೃಂದ, ವಾದ್ಯವೃಂದ: ಇಷ್ಟೇ ಪರಿಕರ. ಹೆಣ್ಣುದನಿ ಇಲ್ಲ, ಎತ್ತರದ ಗಂಡುದನಿಯೂ ಇಲ್ಲ. ಮೊದಲ ಭಾಗ ಗಂಟೆಯ ನಾದದಿಂದ ಪ್ರಾರಂಭವಾಗುತ್ತದೆ. ಕವನದಲ್ಲಿ 'ನಾನು' ಎಂದಿದ್ದ ಮಾತುಗಳಲ್ಲಿ ಹಲವನ್ನು ಇಲ್ಲಿ ವೃಂದವು ಎತ್ತಿಕೊಳ್ಳುವುದರಿಂದ ಅವು 'ನಾವು' ಎಂಬಂತೆ ಕೇಳಿಸತೊಡಗುತ್ತವೆ. ಕವನದ ಮುಖ್ಯ ದೋಷವೆಂದು ಮೇಲೆ ಹೇಳಿದುದನ್ನು ಸಂಗೀತವು ಒಂದಕ್ಷರವನ್ನೂ ತಿದ್ದದೆ ತಿದ್ದಿಬಿಟ್ಟಿದೆ. ಮುಂದಿನ ಭಾಗಗಳಲ್ಲಿ ಹಾಸ್ಯ, ಅಂಗಡಿಯ ಮುಂದೆ ಸಾಲುನಿಂತ ಹೆಂಗಸರು, ಭಯಗಳು, ಹುದ್ದೆಯ ಆಸೆ ಇವು ಬರುತ್ತವೆ. ಯೆಹೂದ್ಯದ್ವೇಷವು ಒಂಟಿಯಾದ ರೋಗವಲ್ಲ, ಒಟ್ಟು ಬದುಕಿನ ಹೇಡಿತನಕ್ಕೆ ಅಂಟಿಕೊಂಡುದು ಎಂಬ ಅರ್ಥ ಈ ಜೋಡಣೆಯಿಂದಲೇ ಹೊರಡುತ್ತದೆ.

ಪ್ರಥಮ ಪ್ರದರ್ಶನದ ಕಥೆಯನ್ನು ಅನೇಕರು ಬರೆದಿದ್ದಾರೆ. ಪ್ರಸಿದ್ಧ ನಿರ್ದೇಶಕ ಮ್ರಾವಿನ್‌ಸ್ಕಿ ಒಪ್ಪಲಿಲ್ಲ, ಕೊಂದ್ರಾಶಿನ್ ಒಪ್ಪಿದನು. ಗಾಯಕರು ಒಬ್ಬರ ಹಿಂದೊಬ್ಬರು ಸರಿದುಕೊಂಡು, ಕೊನೆಗಳಿಗೆಯಲ್ಲಿ ಗ್ರೊಮಾದ್ಸ್ಕಿ ಹಾಡಬೇಕಾಯಿತು. ೧೯೬೨ರ ಡಿಸೆಂಬರ್ ೧೮ರಂದು ಮಾಸ್ಕೋದಲ್ಲಿ ಸಭಾಂಗಣ ಕಿಕ್ಕಿರಿದಿತ್ತು, ಸರಕಾರದ ಆಸನಗಳು ಬರಿದಾಗಿದ್ದುವು, ಕಾರ್ಯಕ್ರಮಪತ್ರದಲ್ಲಿ ಹಾಡಿನ ಸಾಹಿತ್ಯವನ್ನು ಅಚ್ಚು ಮಾಡಿರಲಿಲ್ಲ. ಇದಕ್ಕಿಂತ ವಿಮರ್ಶಕನಿಗೆ ಮುಖ್ಯವಾದುದು ಅನಂತರ ನಡೆದದ್ದು. ಮೇಲಿನವರ ಒತ್ತಾಯಕ್ಕೆ ಕವಿಯು ಎಂಟು ಸಾಲುಗಳನ್ನು ಬದಲಿಸಿಕೊಟ್ಟನು. ಆ ಮಣ್ಣಿನಲ್ಲಿ ಯೆಹೂದ್ಯರ ಜೊತೆಗೆ ರಷ್ಯನ್ನರೂ ಉಕ್ರೇನಿಯನ್ನರೂ ಮಲಗಿದ್ದಾರೆಂಬ ಮಾತು ಸೇರಿತು. ಶೊಸ್ತಕೋವಿಚ್ ಸ್ವರವನ್ನು ಬದಲಿಸಲಿಲ್ಲ. ಹೊಸ ಮಾತುಗಳು ಹಳೆಯ ರಾಗದಲ್ಲಿಯೇ ಹಾಡಲ್ಪಟ್ಟವು.

ಸೇರಿಸಿದ ಮಾತು ಸುಳ್ಳೆ? ಅಲ್ಲ, ರಷ್ಯನ್ನರೂ ಉಕ್ರೇನಿಯನ್ನರೂ ಅಲ್ಲಿ ಸತ್ತದ್ದು ಮೇಲೆ ಹೇಳಿದಂತೆ ನಿಜವೇ. ಆದರೂ ಆ ಸಾಲುಗಳನ್ನು ಓದುವಾಗ ಸಹೃದಯನಿಗೆ ಮೈ ಜುಮ್ಮೆನ್ನುವುದಿಲ್ಲ, ಮುಜುಗರವಾಗುತ್ತದೆ. ಅವು ಸತ್ತವರನ್ನು ನೆನೆಯಲು ಬಂದ ಸಾಲುಗಳಲ್ಲ, ಬೇರೆ ಸತ್ತವರ ಹೆಸರನ್ನು ತೆಳುವಾಗಿಸಲು ತಂದವು. ಸಂಗತಿ ಸತ್ಯ, ಉದ್ದೇಶ ಅಸತ್ಯ. ಕಾವ್ಯದ ಔಚಿತ್ಯವಿಚಾರದಲ್ಲಿ ಇಂಥ ಸಂದರ್ಭಕ್ಕೆ ಹಿಂದಿನ ಲಾಕ್ಷಣಿಕರು ಹೆಸರಿಟ್ಟಂತೆ ಕಾಣುವುದಿಲ್ಲ. ಅವರು ರಾಜಾಶ್ರಯವನ್ನು ಬಲ್ಲವರು. ಈ ತೆರನ ರಾಜಶಾಸನವನ್ನು ಕಂಡಿರಲಿಲ್ಲ.

೪

ಕವಿಯನ್ನು ಕಮರಿಗೆ ಕರೆದೊಯ್ದ ಕುಜ್ನೆತ್ಸೊವ್ ೧೯೬೬ರಲ್ಲಿ 'ಯೂನಸ್ತ್' ಎಂಬ ಮಾಸಿಕದಲ್ಲಿ ತನ್ನ 'ಬಾಬಿ ಯಾರ್' ಕೃತಿಯನ್ನು ಪ್ರಕಟಿಸಿದನು. ಈ ಸಾಹಿತ್ಯದಲ್ಲೆಲ್ಲ ಅತ್ಯಂತ ದೊಡ್ಡ ಕೃತಿ ಇದೆಂದರೆ ಅತ್ಯುಕ್ತಿಯಾಗಲಾರದು. ಅದರ ಪಠ್ಯದ ಇತಿಹಾಸವೂ ಕೃತಿಯಷ್ಟೇ ಅರ್ಥಪೂರ್ಣವಾದುದು.

ಯುದ್ಧ ಕೀವಿಗೆ ಬಂದಾಗ ಲೇಖಕನಿಗೆ ಹನ್ನೆರಡು ವರ್ಷ. ತಂದೆ ರಷ್ಯನ್, ತಾಯಿ ಉಕ್ರೇನಿಯನ್. ಕಮರಿಯ ಕೋವಿಗಳ ಸದ್ದು ಮನೆಗೆ ಕೇಳಿಸುತ್ತಿತ್ತು. ಹದಿನಾಲ್ಕರ ವಯಸ್ಸಿನಲ್ಲಿಯೇ ಒಂದು ನೋಟುಪುಸ್ತಕದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಡತೊಡಗಿದನು. ದೊಡ್ಡವನಾದ ಮೇಲೆ ಅಂದಿನ ಮಾನ್ಯಪದ್ಧತಿಯ ಕಾದಂಬರಿಯನ್ನಾಗಿ ಅದನ್ನು ಬರೆಯಹೊರಟಾಗ ಬದುಕಿನಲ್ಲಿ ನಿಜವಾಗಿದ್ದುದೆಲ್ಲ ಹಾಳೆಯ ಮೇಲೆ ಸುಳ್ಳಾಗುತ್ತಿದ್ದುದನ್ನು ಅವನೇ ಹೇಳಿಕೊಂಡಿದ್ದಾನೆ. ಆಗ ಕಲ್ಪನೆಯನ್ನು ಬಿಟ್ಟು, ದಾಖಲೆಯ ರೂಪದ ಕಾದಂಬರಿ ಎಂದು ಹೆಸರಿಟ್ಟು ಬರೆದನು. ಜರ್ಮನರ ಪ್ರಕಟಣೆಗಳು, ಪತ್ರಿಕೆಯ ತುಣುಕುಗಳು, ಬಾಲ್ಯದ ನೆನಪು, ಬದುಕಿ ಉಳಿದವರ ಹೇಳಿಕೆ ಇವೆಲ್ಲ ಬೆಸುಗೆ ಕಾಣುವಂತೆಯೇ ಸೇರಿಕೊಂಡಿವೆ.

ಈ ಬಾಲಕನ ದೃಷ್ಟಿ ಎಂಥದೆಂಬುದಕ್ಕೆ ಸೆಪ್ಟೆಂಬರ್ ೨೯ರ ಬೆಳಗಿನ ಅಧ್ಯಾಯವೇ ಸಾಕ್ಷಿ. ಅವನು ನೋಡಲೆಂದು ಬೀದಿಗೆ ಓಡುತ್ತಾನೆ. ಹಗ್ಗ ಬಿಗಿದ ಹಳೆಯ ಪೆಟ್ಟಿಗೆಗಳು, ಅಳುವ ಮಕ್ಕಳು, ದಾರಿಯ ಬುತ್ತಿಗೆಂದು ಈರುಳ್ಳಿಯ ಸರವನ್ನು ಕೊರಳಿಗೆ ಹಾಕಿಕೊಂಡ ಮುದುಕಿಯರು. ಸಾವಿಗೆ ಹೊರಟವರು ಈರುಳ್ಳಿಯನ್ನು ಕೊಂಡೊಯ್ಯುವುದಿಲ್ಲ. ಬದುಕಲು ಹೊರಟವರು ಕೊಂಡೊಯ್ಯುತ್ತಾರೆ. ಲೇಖಕ ಇದನ್ನು ವಿವರಿಸಹೋಗುವುದಿಲ್ಲ. ವಿವರಿಸಿದ್ದರೆ ಕೆಡುತ್ತಿತ್ತು. ಅವನ ಅಜ್ಜನ ಪಾತ್ರವೂ ಹಾಗೆಯೇ. ಸೋವಿಯತ್ ಆಳ್ವಿಕೆಯಿಂದ ಬೇಸತ್ತು, ಜರ್ಮನರು ಬಂದರೆ ಒಳ್ಳೆಯ ಕಾಲ ಬಂದೀತೆಂದು ಕಾದಿದ್ದ ಮುದುಕ, ಹಸಿವಿನ ಒಂದೆರಡು ಚಳಿಗಾಲಗಳಲ್ಲಿ ಅವರನ್ನು ಶಪಿಸುವ ಮಟ್ಟಕ್ಕೆ ಬರುತ್ತಾನೆ. ಅವನು ದುಷ್ಟನಲ್ಲ, ಧೀರನೂ ಅಲ್ಲ. ನೆರೆಯವರನ್ನು ಕರೆದೊಯ್ದಾಗ ಬಾಗಿಲಲ್ಲಿ ನಿಂತು ನೋಡಿದವರು ಇಂಥವರೇ. ಯೆಹೂದ್ಯದ್ವೇಷದ ಇತಿಹಾಸವನ್ನು ಬರೆಯುವವರು ರಾಕ್ಷಸರನ್ನು ಚಿತ್ರಿಸಿ ತೃಪ್ತರಾಗುವುದುಂಟು. ಈ ಪುಸ್ತಕದಲ್ಲಿ ರಾಕ್ಷಸರಿಗಿಂತ ಇಂಥ ನಡುವಣ ಜನರೇ ಹೆಚ್ಚು.

ಪುಸ್ತಕದ ಹೃದಯ ದೀನಾ ಪ್ರೊನಿಚೆವಾ ಎಂಬಾಕೆಯ ಸಾಕ್ಷ್ಯ. ಆಕೆ ಕೀವಿನ ಬೊಂಬೆಯಾಟದ ರಂಗಮಂದಿರದ ನಟಿ. ಗಂಡ ರಷ್ಯನ್ ಆದ್ದರಿಂದ ಅಡ್ಡಹೆಸರೂ ರಷ್ಯನ್. ತಾನು ಯೆಹೂದ್ಯಳಲ್ಲ, ತಂದೆತಾಯಿಗಳನ್ನು ಬಿಟ್ಟುಬರಲು ಬಂದವಳು ಎಂದು ಹೇಳಿ ಪಕ್ಕಕ್ಕೆ ನಿಂತಳು. ಸಂಜೆಗೆ ಬಂದ ಅಧಿಕಾರಿಯೊಬ್ಬ, ಕಣ್ಣಾರೆ ಕಂಡವರು ಊರಿಗೆ ಹಿಂದಿರುಗಿದರೆ ಸುದ್ದಿ ಹಬ್ಬುತ್ತದೆಂದು ಎಲ್ಲರನ್ನೂ ಕೊಲ್ಲಿಸಲು ಹೇಳಿದನು. ಗುಂಡು ತಾಗುವ ಮುನ್ನವೇ ಆಕೆ ಕಮರಿಗೆ ಹಾರಿ, ಹೆಣಗಳ ಮೇಲೆ ಹೆಣದಂತೆ ಬಿದ್ದು, ಮೇಲೆ ಬಿದ್ದ ಮಣ್ಣನ್ನು ಕೈಯಿಂದ ಸರಿಸಿಕೊಂಡು ಇರುಳಿನಲ್ಲಿ ತೆವಳಿ ಹೊರಬಂದಳು. ೧೯೪೬ರ ಜನವರಿಯಲ್ಲಿ ಕೀವಿನಲ್ಲಿ ನಡೆದ ಯುದ್ಧಾಪರಾಧಿಗಳ ವಿಚಾರಣೆಯಲ್ಲಿ ಸಾಕ್ಷಿ ನುಡಿದಳು. ಕುಜ್ನೆತ್ಸೊವ್‌ಗೆ ಮತ್ತೊಮ್ಮೆ ಅದನ್ನೆಲ್ಲ ಹೇಳಲು ಆಕೆಗೆ ಇಷ್ಟವಿರಲಿಲ್ಲ, ಬಹಳ ಒತ್ತಾಯಿಸಬೇಕಾಯಿತು. ಆಕೆಯ ಹಲವು ಹೇಳಿಕೆಗಳನ್ನು ಹೋಲಿಸಿ ನೋಡಿದ ಇತಿಹಾಸಕಾರರು ಚಿಕ್ಕಪುಟ್ಟ ವ್ಯತ್ಯಾಸಗಳನ್ನು ತೋರಿಸಿದ್ದಾರೆ. ಅವುಗಳಿಂದ ಮುಖ್ಯ ಸಂಗತಿಗೆ ಯಾವ ಬಾಧಕವೂ ಇಲ್ಲ. ಹೆಣಗಳ ನಡುವೆ ಉಸಿರು ಬಿಗಿಹಿಡಿದು ಮಲಗಿದವಳು ಎಲ್ಲ ಸಲವೂ ಒಂದೇ ಮಾತಿನಲ್ಲಿ ಹೇಳಿದ್ದರೆ ಸಂದೇಹಪಡಬೇಕಾಗುತ್ತಿತ್ತು.

ಈ ಅಧ್ಯಾಯದಲ್ಲಿ ಕುಜ್ನೆತ್ಸೊವ್ ತನ್ನನ್ನು ಮುಂದೆ ಮಾಡುವುದಿಲ್ಲ. ಯೆವ್ತುಶೆಂಕೊ 'ನಾನೇ ಅವರು' ಎಂಬ ಧಾಟಿಯಲ್ಲಿ ಹೇಳುವಲ್ಲಿ, ಇವನು 'ಆಕೆ ಹೇಳಿದಳು' ಎನ್ನುತ್ತಾನೆ. ಎರಡರ ನಡುವಿನ ಅಂತರ ಶೈಲಿಯದು ಮಾತ್ರವಲ್ಲ. ಸತ್ತವರ ಸ್ಥಾನದಲ್ಲಿ ನಿಲ್ಲುವ ಅಧಿಕಾರ ಬದುಕಿದವನಿಗೆ ಇದೆಯೆ ಎಂಬ ಪ್ರಶ್ನೆಗೆ ಅವರವರು ಕೊಟ್ಟ ಉತ್ತರ ಅದು.

ಮಾಸಿಕದಲ್ಲಿ ಬಂದದ್ದು ಅರೆಬರೆಯಾದ ಕೃತಿ. ಸ್ತಾಲಿನ್ ಕಾಲದ ಭಯವನ್ನೂ ನಾಜಿ ಭಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಭಾಗಗಳನ್ನೆಲ್ಲ ತೆಗೆದುಹಾಕಲಾಗಿತ್ತು. ಲೇಖಕ ಪೂರ್ಣಪ್ರತಿಯ ಪುಟಗಳನ್ನು ಛಾಯಾಚಿತ್ರ ತೆಗೆದು, ೧೯೬೯ರಲ್ಲಿ ಲೆನಿನ್ ಕುರಿತ ಪುಸ್ತಕಕ್ಕೆ ಸಾಮಗ್ರಿ ಬೇಕೆಂಬ ನೆಪದಿಂದ ಲಂಡನ್ನಿಗೆ ಹೋದಾಗ ಆ ಫಿಲ್ಮನ್ನು ಕೋಟಿನ ಒಳಅಸ್ತರಿನಲ್ಲಿ ಹೊಲಿದುಕೊಂಡು ಹೋದನು; ಹಿಂದಿರುಗಲಿಲ್ಲ. ೧೯೭೦ರಲ್ಲಿ ಪೂರ್ಣಪಾಠ ಹೊರಬಂದಿತು. ಅದರ ಇಂಗ್ಲಿಷ್ ಆವೃತ್ತಿಯ ಪುಟವನ್ನು ತೆರೆದವರಿಗೆ ಮೊದಲು ಕಾಣುವುದು ಅಚ್ಚಿನ ವೈಚಿತ್ರ್ಯ. ೧೯೬೬ರಲ್ಲಿ ಪ್ರಕಟವಾದುದು ಸಾಧಾರಣ ಅಕ್ಷರದಲ್ಲಿ. ಸೆನ್ಸಾರಿನವರು ಕತ್ತರಿಸಿದ್ದು ದಪ್ಪ ಅಕ್ಷರದಲ್ಲಿ. ೧೯೬೭ರಿಂದ ೬೯ರವರೆಗೆ ಲೇಖಕ ಸೇರಿಸಿದ್ದು ಆವರಣಚಿಹ್ನೆಗಳಲ್ಲಿ.

ಗ್ರಂಥಸಂಪಾದನೆಯ ಪರಿಚಯವಿದ್ದವರು ಇಲ್ಲಿ ಸ್ವಲ್ಪ ನಿಲ್ಲುತ್ತಾರೆ. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರಗಳು ಹುಟ್ಟುವುದು ಲಿಪಿಕಾರನ ಕಣ್ತಪ್ಪಿನಿಂದ, ಕಿವಿತಪ್ಪಿನಿಂದ, ಹುಳು ತಿಂದ ಗರಿಯಿಂದ, ಎಲ್ಲೋ ಒಮ್ಮೆ ಮತಾಭಿಮಾನದಿಂದ. ಸಂಪಾದಕನು ಅವುಗಳನ್ನು ಅಡಿಟಿಪ್ಪಣಿಗೆ ಇಳಿಸಿ ಶುದ್ಧಪಾಠವನ್ನು ಮೇಲಿಡುತ್ತಾನೆ. ಕುಜ್ನೆತ್ಸೊವ್ ಮಾಡಿದ್ದು ಇದಕ್ಕೆ ವಿರುದ್ಧವಾದುದು. ಗಾಯವನ್ನು ಮಾಯಿಸದೆ ಹಾಗೆಯೇ ತೋರಿಸಿದನು. ಒಂದು ಸಾಲಿನ ನಡುವೆ ಎರಡು ದಪ್ಪ ಶಬ್ದಗಳು ಬರುತ್ತವೆ. ಏನು ಹೋಗಿತ್ತೆಂಬುದರ ಜೊತೆಗೆ, ಅದು ಹೋಗಬೇಕೆಂದು ಒಬ್ಬನು ಕುಳಿತು ಗೆರೆ ಎಳೆದನೆಂಬುದೂ ಓದುಗನಿಗೆ ತಿಳಿಯುತ್ತದೆ. ಕೊಂದವರ ಭಾಷೆ, ಮುಚ್ಚಿಟ್ಟವರ ಮೌನ, ಕಂಡವನ ನೆನಪು ಈ ಮೂರೂ ಒಂದೇ ಪುಟದಲ್ಲಿ ಅಕ್ಷರದ ದಪ್ಪದಿಂದಲೇ ಬೇರೆಬೇರೆಯಾಗಿ ಕಾಣುವ ಇನ್ನೊಂದು ಪುಸ್ತಕವನ್ನು ಹೆಸರಿಸುವುದು ಕಷ್ಟ.

ಲೇಖಕನ ಚಾರಿತ್ರ್ಯದ ಒಂದು ಕಲೆಯನ್ನು ಇಲ್ಲಿ ಹೇಳದೆ ಬಿಡುವುದು ಪ್ರಾಮಾಣಿಕವಾಗದು. ಹೊರದೇಶಕ್ಕೆ ಹೋಗಲು ಅನುಮತಿ ಪಡೆಯುವ ಸಲುವಾಗಿ ಅವನು ಗುಪ್ತ ಪೊಲೀಸರಿಗೆ ಸುದ್ದಿಗಾರನಾಗಲು ಒಪ್ಪಿ, ಸಹಲೇಖಕರ ಮೇಲೆ ಕಟ್ಟುಕಥೆಯ ವರದಿಯನ್ನು ಬರೆದುಕೊಟ್ಟಿದ್ದನು. ಹೆಸರಿಸಿದವರಲ್ಲಿ ಯೆವ್ತುಶೆಂಕೊನೂ ಇದ್ದನು. ಲಂಡನ್ ತಲುಪಿದೊಡನೆ ಕುಜ್ನೆತ್ಸೊವ್ ತಾನಾಗಿಯೇ ಇದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಕೆಲವರು ಇದನ್ನು ಹಿಡಿದು ಪುಸ್ತಕವನ್ನೂ ಸಂದೇಹಿಸಿದರು. ಆದರೆ ಭಯದ ರಾಜ್ಯದಲ್ಲಿ ಸತ್ಯವನ್ನು ಹೊರತಂದ ಕೈಯೂ ಆ ಭಯದಿಂದ ಮಾಸಿತ್ತೆಂಬುದು ಪುಸ್ತಕದ ವಾದಕ್ಕೆ ವಿರೋಧವಾದ ಸಂಗತಿಯಲ್ಲ. ಹಾಗೆಂದು ಅದನ್ನು ಮನ್ನಿಸುವ ಅಧಿಕಾರ, ಹೆಸರಿಸಲ್ಪಟ್ಟವರನ್ನು ಬಿಟ್ಟರೆ, ಮತ್ತಾರಿಗೂ ಇಲ್ಲ.

೫

ಇಷ್ಟರಲ್ಲಿ ಒಂದು ಆಕ್ಷೇಪ ಓದುಗರಿಗೆ ಹೊಳೆದಿರಬಹುದು. ಕಾವ್ಯಾನುಭವದಲ್ಲಿ ಸಾಧಾರಣೀಕರಣವು ಅವಶ್ಯವೆಂದು ಭಟ್ಟನಾಯಕನೂ ಅವನನ್ನು ಪರಿಷ್ಕರಿಸಿ ಅಭಿನವಗುಪ್ತನೂ ಹೇಳಿದ್ದಾರೆ. ಇದು ಇವನ ದುಃಖ, ಅದು ಅವನ ದುಃಖ ಎಂಬ ವಿಶೇಷಸಂಬಂಧ ಕಳಚಿದಲ್ಲದೆ ಶೋಕವು ಕರುಣರಸವಾಗದು. ಹಾಗಿದ್ದರೆ ಸತ್ತವರು ಯೆಹೂದ್ಯರು ಎಂದು ಒತ್ತಿ ಹೇಳುವುದೇಕೆ? ಮನುಷ್ಯರು ಸತ್ತರು ಎಂದರೆ ಸಾಲದೆ? 'ಶಾಂತ ನಾಗರಿಕರು' ಎಂದ ಸೋವಿಯತ್ ಆಯೋಗ ಒಂದು ಬಗೆಯ ಸಾಧಾರಣೀಕರಣವನ್ನೇ ಮಾಡಿತಲ್ಲವೆ?

ಮೇಲುನೋಟಕ್ಕೆ ಸರಿಯೆನಿಸುವ ಈ ವಾದದಲ್ಲಿ ಕ್ರಮದ ದೋಷವಿದೆ. ಲಾಕ್ಷಣಿಕರು ಹೇಳುವ ಸಾಧಾರಣೀಕರಣ ನಡೆಯುವುದು ಸಹೃದಯನ ಚಿತ್ತದಲ್ಲಿ, ವಿಭಾವಾನುಭಾವಗಳು ಸ್ಪಷ್ಟವಾಗಿ ಮೂಡಿದ ಬಳಿಕ. ಸೀತೆಯನ್ನು ಸೀತೆಯೆಂದು ಚಿತ್ರಿಸಿದ ಮೇಲೆಯೇ ಆಕೆಯ ದುಃಖ ಎಲ್ಲರದೂ ಆಗುವುದು. ಕವಿಯೇ ಮೊದಲಿಗೆ 'ಯಾರೋ ಒಬ್ಬ ಹೆಂಗಸು' ಎಂದುಬಿಟ್ಟರೆ ಆಲಂಬನವೇ ಇಲ್ಲದೆ ರಸ ನಿಲ್ಲುವುದೆಲ್ಲಿ? ಆಯೋಗ ಮಾಡಿದ್ದು ಆಲಂಬನವನ್ನೇ ಕಿತ್ತುಹಾಕುವ ಕೆಲಸ. ಇನ್ನೂ ಒಂದು ಮಾತು. ಆ ಎರಡು ದಿನಗಳಲ್ಲಿ ಆ ಜನ ಸತ್ತದ್ದು ನಾಗರಿಕರೆಂಬ ಕಾರಣಕ್ಕಲ್ಲ. ಪ್ರಕಟಣೆ ಕರೆದದ್ದು ಯೆಹೂದ್ಯರನ್ನು. ಕೊಲ್ಲುವಾಗ ಹೆಸರು ಹಿಡಿದು ಕರೆದು, ನೆನೆಯುವಾಗ ಮಾತ್ರ ಹೆಸರು ಬೇಡವೆನ್ನುವುದರಲ್ಲಿ ಕೊಂದವರ ಕಾರಣವನ್ನು ಮುಚ್ಚುವ ಅನುಕೂಲವಿದೆ. ಕಾರಣ ಮುಚ್ಚಿಹೋದರೆ ದ್ವೇಷ ವಿಚಾರಣೆಗೆ ಒಳಗಾಗದೆ ಉಳಿಯುತ್ತದೆ. ರೋಮಾ ಜನಕ್ಕೂ ಆಸ್ಪತ್ರೆಯ ರೋಗಿಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅವರೂ ತಾವು ಇಂಥವರೆಂಬ ಕಾರಣಕ್ಕೇ ಸತ್ತವರು. ಅವರನ್ನು ಬೇರೆಯಾಗಿ ಹೆಸರಿಸುವುದರಿಂದ ಯೆಹೂದ್ಯರ ಶೋಕ ಕಡಿಮೆಯಾಗುವುದಿಲ್ಲ.

ಮುಂಬಯಿಯ ಓದುಗರಿ­ಗೆ ಇದು ದೂರದ ಮಾತೆಂದು ತೋರಬೇಕಾಗಿಲ್ಲ. ೨೦೦೮ರ ನವೆಂಬರ್ ೨೬ರಂದು ನಗರಕ್ಕೆ ನುಗ್ಗಿದ ಭಯೋತ್ಪಾದಕರು ರೈಲ್ವೆ ನಿಲ್ದಾಣದಲ್ಲಿ ಸಿಕ್ಕಸಿಕ್ಕವರನ್ನು ಕೊಂದರು. ಆದರೆ ಕೊಲಾಬಾದ ಗಲ್ಲಿಯೊಂದರಲ್ಲಿ ಹೊರಗಿನವರ ಕಣ್ಣಿಗೆ ಬೀಳದಂತಿದ್ದ ನರೀಮನ್ ಹೌಸನ್ನು ಮಾತ್ರ ಮೊದಲೇ ಆರಿಸಿಕೊಂಡು ಬಂದಿದ್ದರು. ಅದು ಯೆಹೂದ್ಯರ ಮನೆ ಎಂಬುದೇ ಕಾರಣ. ನೂರಾರು ವರ್ಷಗಳಿಂದ ಬೆನೆ ಇಸ್ರೇಲರು ನೆರೆಹೊರೆಯವರಾಗಿ ಬಾಳಿದ ಕರಾವಳಿಯಲ್ಲಿ ಈ ದ್ವೇಷ ನೆಲದ ಬೆಳೆಯಲ್ಲ, ಹೊರಗಿನಿಂದ ಹೊತ್ತು ತಂದದ್ದು. ಒಟ್ಟು ೧೬೬ ಸಾವುಗಳೆಂಬ ಲೆಕ್ಕದಲ್ಲಿ ಆ ಮನೆಯ ಆರು ಸಾವುಗಳೂ ಸೇರುತ್ತವೆ. ಅವುಗಳ ಕಾರಣವನ್ನು ಲೆಕ್ಕ ಹೇಳುವುದಿಲ್ಲ.

೬

೧೯೬೬ರ ಸೆಪ್ಟೆಂಬರ್ ೨೯ರಂದು, ಹತ್ಯೆಯ ಇಪ್ಪತ್ತೈದನೆಯ ವರ್ಷಕ್ಕೆ, ಅನುಮತಿಯಿಲ್ಲದೆಯೇ ಜನ ಆ ಕಮರಿಯ ಬಳಿ ಸೇರಿದರು. ನೆಕ್ರಾಸೊವ್ ಮಾತನಾಡಿದನು. ಉಕ್ರೇನಿಯನ್ ವಿಮರ್ಶಕ ಇವಾನ್ ಜ್ಯೂಬಾ ಮಾತನಾಡಿ, ತನ್ನ ಜನರಲ್ಲಿರುವ ಯೆಹೂದ್ಯದ್ವೇಷಕ್ಕಾಗಿ ಉಕ್ರೇನಿಯನ್ನರೇ ನಾಚಬೇಕು, ಅವರೇ ಅದರೊಡನೆ ಹೋರಾಡಬೇಕು ಎಂದನು. ಅವನ ವೃತ್ತಿ ಸಾಹಿತ್ಯವಿಮರ್ಶೆ. ಈ ಚರ್ಚೆಯಲ್ಲಿ ಬಂದ ಕವಿ ಕಾದಂಬರಿಕಾರರೆಲ್ಲರ ಮಾತಿಗಿಂತ ಈ ಸಣ್ಣ ಭಾಷಣ ಕೆಲವು ದೃಷ್ಟಿಯಿಂದ ಮೇಲೆ ನಿಲ್ಲುತ್ತದೆ. ಯೆವ್ತುಶೆಂಕೊ ಬಲಿಯಾದವರೊಡನೆ ಒಂದಾಗಲು ಹಂಬಲಿಸಿದನು. ಜ್ಯೂಬಾ ಆ ಸುಲಭದ ಸ್ಥಾನವನ್ನು ಬಿಟ್ಟು, ದ್ವೇಷಿಸುವವರು ತನ್ನವರೆಂದು ಒಪ್ಪಿಕೊಂಡು ನಿಂತನು.

ಮುಂದಿನ ಕೃತಿಗಳಲ್ಲಿ ಇಂಗ್ಲೆಂಡಿನ ಡಿ. ಎಂ. ಥಾಮಸ್ ೧೯೮೧ರಲ್ಲಿ ಬರೆದ 'ದಿ ವೈಟ್ ಹೋಟೆಲ್' ಕಾದಂಬರಿಯನ್ನು ಒಂದು ಮಾತಿನಲ್ಲಿ ನೆನೆದರೆ ಸಾಕು. ಪ್ರೊನಿಚೆವಾಳ ಅನುಭವವನ್ನು ಕುಜ್ನೆತ್ಸೊವ್‌ನ ಪುಸ್ತಕದಿಂದ ಬಹುಮಟ್ಟಿಗೆ ಹಾಗೆಯೇ ಎತ್ತಿ, ಕಲ್ಪಿತ ನಾಯಿಕೆಯೊಬ್ಬಳಿಗೆ ತೊಡಿಸಿದ್ದಾನೆ. ಪುಸ್ತಕದಲ್ಲಿ ಋಣವನ್ನು ಸೂಚಿಸಿದ್ದಾನಾದರೂ ಮರುವರ್ಷ ಲಂಡನ್ನಿನ ಪತ್ರಿಕೆಯಲ್ಲಿ ದೊಡ್ಡ ವಾದವೇ ನಡೆಯಿತು. ಕೃತಿಚೌರ್ಯವೋ ಅಲ್ಲವೋ ಎಂಬುದು ವಕೀಲರ ಪ್ರಶ್ನೆ. ವಿಮರ್ಶೆಯ ಪ್ರಶ್ನೆ ಬೇರೆ. ಇಷ್ಟವಿಲ್ಲದೆ, ಒತ್ತಾಯಕ್ಕೆ, ಒಬ್ಬ ಹೆಂಗಸು ತನ್ನ ಹೆಸರಿನಲ್ಲಿ ಹೇಳಿದ ಮಾತಿನಿಂದ ಆ ಹೆಸರನ್ನು ಕಳಚುವುದು ಆಯೋಗದ ಕರಡು ತಿದ್ದಿದವರ ಕೆಲಸಕ್ಕೆ ಎಷ್ಟು ದೂರ?

ಕಲ್ಲಿನ ಸ್ಮಾರಕ ೧೯೭೬ರಲ್ಲಿ ಬಂದಿತು; ಕೀವಿನ ನಾಗರಿಕರು ಮತ್ತು ಯುದ್ಧಕೈದಿಗಳು ಎಂದೇ ಅದರ ಬರಹ. ಯೆಹೂದ್ಯರ ದೀಪಸ್ತಂಭದ ಆಕಾರದ ಸ್ಮಾರಕ ನಿಂತದ್ದು ೧೯೯೧ರ ಸೆಪ್ಟೆಂಬರ್‌ನಲ್ಲಿ, ಸೋವಿಯತ್ ಒಕ್ಕೂಟದ ಕೊನೆಯ ತಿಂಗಳುಗಳಲ್ಲಿ. ರೋಮಾ ಜನಕ್ಕೆ, ಮಕ್ಕಳಿಗೆ, ಇತರರಿಗೆ ಬೇರೆಬೇರೆ ಕಲ್ಲುಗಳು ಆಮೇಲೆ ಬಂದುವು. ೨೦೨೨ರ ಫೆಬ್ರುವರಿ ೨೨ರಂದು ಜ್ಯೂಬಾ ತೀರಿಕೊಂಡನು. ಎರಡು ದಿನ ಕಳೆದು ರಷ್ಯದ ಸೈನ್ಯ ಉಕ್ರೇನನ್ನು ಹೊಕ್ಕಿತು. ಮಾರ್ಚ್ ೧ರಂದು ಬಾಬಿ ಯಾರಿಗೆ ತಾಗಿದ ದೂರದರ್ಶನ ಗೋಪುರದ ಮೇಲೆ ಕ್ಷಿಪಣಿಗಳು ಬಿದ್ದು ಐವರು ಸತ್ತರು. ನಾಜಿಗಳನ್ನು ತೊಡೆಯುವ ಹೆಸರಿನಲ್ಲಿ ನಡೆದ ಯುದ್ಧದ ಬೆಂಕಿ ನಾಜಿಗಳು ಕೊಂದವರ ಮಣ್ಣಿನ ಅಂಚಿಗೆ ಬಂದಿತ್ತು.

ಕುರೆನಿವ್ಕಾದ ಬೀದಿಯೊಂದರ ಮಗ್ಗುಲಲ್ಲಿ ೨೦೦೯ರಲ್ಲಿ ನಿಲ್ಲಿಸಿದ ಒಂದು ಕಂಚಿನ ಪ್ರತಿಮೆಯಿದೆ. ಅದು ಕುಜ್ನೆತ್ಸೊವ್‌ನದು. ೧೯೭೯ರಲ್ಲಿ ಲಂಡನ್ನಿನಲ್ಲಿ ಸತ್ತ ಲೇಖಕನನ್ನು ಅಲ್ಲಿ ತೋರಿಸಿಲ್ಲ. ಹನ್ನೆರಡು ವರ್ಷದ ಹುಡುಗನೊಬ್ಬ ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ಓದುತ್ತ ನಿಂತಿದ್ದಾನೆ.